ನಿಸರ್ಗದ ಸ್ವಯಂವರವನ್ನು ಅರಿತ ಚಾರ್ಲ್ಸ್ ಡಾರ್ವಿನ್

ಕುರಕುಂಟಾ, ಸೇಡಂ ಪರಿಸರದ ತೊಗರಿ ಹೊಲಗಳಲ್ಲಿ ಮಳೆಗಾಲ ಕಳೆದ ಮೇಲೆ ಮುಂಜಾನೆ ನಡೆದಾಡಿದವರು ಇಬ್ಬನಿ ಹೊತ್ತ ಜೇಡರ ಬಲೆಗಳನ್ನು ಕಾಣದೆ ಇರಲಾರರು. ಬಲೆಯ ನಡುವೆ ದೊಡ್ಡ ಹೆಣ್ಣು ಜೇಡ ಕುಳಿತಿದ್ದರೆ, ಅದರ ಮುಂದೆ ತೀರ ಅಲ್ಪನಾಗಿ ಕಾಣುವ ಗಂಡು ಅಂಚಿನಲ್ಲಿ ಅಳುಕುತ್ತ ನಿಂತಿರುವುದುಂಟು. ಇಂತಹ ಸಣ್ಣ ನೋಟದೊಳಗೆ ಜೀವಸೃಷ್ಟಿಯ ಮಹಾಪ್ರಶ್ನೆಯೊಂದು ಅಡಗಿದೆಯೆಂದು ಲೋಕಕ್ಕೆ ತೋರಿದವರು ಚಾರ್ಲ್ಸ್ ಡಾರ್ವಿನ್ನರು. ಸಂಗಾತಿಯನ್ನು ಆರಿಸುವವರು ಯಾರು, ಆ ಆಯ್ಕೆಯಿಂದ ಸಂತಾನಕ್ಕೆ ಒದಗುವ ಫಲವೇನು ಎಂಬುದು ಅವರಿಗೆ ಕೇವಲ ಶಾಸ್ತ್ರವಿಷಯವಾಗಿರಲಿಲ್ಲ. ಸ್ವಂತ ಮನೆಯ ತೊಟ್ಟಿಲಿನಿಂದಲೇ ಎದ್ದ ಪ್ರಶ್ನೆಯೂ ಆಗಿತ್ತು.

ಡಾರ್ವಿನ್ನರು 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ಜನಿಸಿದರು. ತಂದೆ ಪ್ರಸಿದ್ಧ ವೈದ್ಯರು. ಎಂಟು ವರ್ಷದ ಬಾಲಕನಿದ್ದಾಗಲೇ ಮಾತೃವಿಯೋಗವಾಯಿತು. ಶಾಲೆಯಲ್ಲಿ ಅವರು ಮೇಧಾವಿಯೆಂದು ಹೆಸರಾದವರಲ್ಲ. ಅಣ್ಣನೊಡನೆ ರಸಾಯನ ಪ್ರಯೋಗಗಳಲ್ಲಿ ಮುಳುಗಿದ್ದುದಕ್ಕಾಗಿ ಮುಖ್ಯೋಪಾಧ್ಯಾಯರಿಂದ ಎಲ್ಲರೆದುರು ಬೈಸಿಕೊಂಡದ್ದೂ ಉಂಟು. ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣವನ್ನು ಅರ್ಧಕ್ಕೆ ತೊರೆದು ಕೇಂಬ್ರಿಜ್‌ಗೆ ಬಂದಾಗ, ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಹೆನ್ಸ್ಲೋ ಅವರ ಸಾನ್ನಿಧ್ಯ ದೊರೆಯಿತು. ಶಿಷ್ಯನಲ್ಲಿ ಅಡಗಿದ್ದ ಶಕ್ತಿಯನ್ನು ಗುರುತಿಸಿದ ಆ ಗುರುವಿನ ಶಿಫಾರಸಿನಿಂದಲೇ ಬೀಗಲ್ ನೌಕೆಯ ಯಾನಕ್ಕೆ ದಾರಿಯಾಯಿತು.

1831ರ ಡಿಸೆಂಬರದಿಂದ 1836ರ ಅಕ್ಟೋಬರದವರೆಗೆ ನಡೆದ ಆ ಯಾನದಲ್ಲಿ ತರುಣ ಡಾರ್ವಿನ್ನರ ಕಣ್ಣಿಗೆ ಕ್ಷುದ್ರವೆನಿಸಿದ ಜೀವಿಯೇ ಇರಲಿಲ್ಲ. 1832ರಲ್ಲಿ ದಕ್ಷಿಣ ಅಮೆರಿಕದ ಲಾಪ್ಲಾಟಾ ನದೀಮುಖದಲ್ಲಿ, ದಡದಿಂದ ಸುಮಾರು 60 ಮೈಲು ದೂರದಲ್ಲಿ, ನೂಲಿನ ಎಳೆಗಳನ್ನು ಹಿಡಿದು ಗಾಳಿಯಲ್ಲಿ ತೇಲಿಬಂದ ಸಾವಿರಾರು ಪುಟ್ಟ ಜೇಡಗಳು ನೌಕೆಯ ಹಗ್ಗಗಳನ್ನು ಮುತ್ತಿದ್ದನ್ನು ಅವರು ಕುತೂಹಲದಿಂದ ನೋಡಿ ಬರೆದಿಟ್ಟರು.

ಊರಿಗೆ ಮರಳಿದ ಮೇಲೆ ವಿವಾಹದ ಪ್ರಶ್ನೆ ಬಂದಿತು. ಮದುವೆಯಾಗುವುದರ ಲಾಭನಷ್ಟಗಳನ್ನು ಕಾಗದದ ಮೇಲೆ ಎರಡು ಸಾಲುಗಳಲ್ಲಿ ಬರೆದು ತೂಗಿದ ಆ ವಿಚಾರವಂತರು, 1839ರ ಜನವರಿಯಲ್ಲಿ ಸೋದರಮಾವನ ಮಗಳಾದ ಎಮ್ಮಾ ವೆಜ್‌ವುಡ್ಡರ ಕೈಹಿಡಿದರು. ಕನ್ನಡ ನಾಡಿನಲ್ಲಿ ತಲೆತಲಾಂತರದಿಂದ ನಡೆದುಬಂದ ಸಂಬಂಧವೇ ಅದು. ದಾಂಪತ್ಯವು ಅತ್ಯಂತ ಅನ್ಯೋನ್ಯವಾಗಿತ್ತು. ಹತ್ತು ಮಕ್ಕಳಾದರು, ಅವರಲ್ಲಿ ಮೂವರು ಬಾಲ್ಯದಲ್ಲಿಯೇ ತೀರಿಕೊಂಡರು. 1851ರಲ್ಲಿ ಹತ್ತು ವರ್ಷದ ಮುದ್ದುಮಗಳು ಆ್ಯನಿ ಕಣ್ಮುಚ್ಚಿದಾಗ ತಂದೆಯ ಎದೆಗೆ ತಗುಲಿದ ಪೆಟ್ಟು ಕೊನೆಯವರೆಗೂ ಮಾಯಲಿಲ್ಲ. 1858ರಲ್ಲಿ ಅವರ ಮತ್ತು ವಾಲೇಸರ ಸಿದ್ಧಾಂತವನ್ನು ಲಂಡನ್ನಿನ ವಿದ್ವತ್ಸಭೆಯಲ್ಲಿ ಓದಿದ ದಿನ, ಅವರು ಕೊನೆಯ ಕೂಸನ್ನು ಕಳೆದುಕೊಂಡ ದುಃಖದಲ್ಲಿ ಮನೆಯಲ್ಲಿದ್ದರು.

ಮರುವರ್ಷ ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥ ಪ್ರಕಟವಾಗಿ ಜಗತ್ತೇ ಕದಲಿತು. ಆದರೂ ಒಂದು ತೊಡಕು ಉಳಿದಿತ್ತು. ಬದುಕಿನ ಹೋರಾಟದಲ್ಲಿ ಉಪಯುಕ್ತವಾದುದೇ ಉಳಿಯುವುದಾದರೆ, ಗಂಡುನವಿಲಿಗೆ ಭಾರವಾದ ಗರಿಗಳ ಹೊರೆ ಏಕೆ? 1871ರ ಗ್ರಂಥದಲ್ಲಿ ಅವರು ಉತ್ತರವನ್ನಿತ್ತರು. ಹೆಣ್ಣು ಆರಿಸುತ್ತದೆ, ಅದರ ಮೆಚ್ಚುಗೆ ಪಡೆದ ಗಂಡಿನ ಲಕ್ಷಣಗಳು ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತವೆ. ಜೇಡಗಳಲ್ಲಂತೂ ತಿರಸ್ಕೃತ ವರನಿಗೆ ಪ್ರಾಣಸಂಕಟವೇ ಸರಿ. ಹೆಣ್ಣು ಗಂಡನ್ನು ಹಿಡಿದು, ನೂಲಿನಿಂದ ಸುತ್ತಿ ತಿಂದುದನ್ನು ಸ್ವೀಡನ್ನಿನ ಡಿ ಗೀರ್ ಅವರು ಕಂಡಿದ್ದ ಸಂಗತಿಯನ್ನು ಡಾರ್ವಿನ್ನರು ಆ ಗ್ರಂಥದಲ್ಲಿ ಸೇರಿಸಿದರು.

ಈ ವಾದವನ್ನು ಹಲವರು ಒಪ್ಪಲಿಲ್ಲ. ಹೆಣ್ಣುಪ್ರಾಣಿಗೆ ಅಂತಹ ವಿವೇಚನೆ ಎಲ್ಲಿಯದೆಂದು ಹಳಿದರು. ಸಹಶೋಧಕರಾದ ವಾಲೇಸರೇ ವಿರೋಧಿಸಿದರು. ಆದರೂ ಡಾರ್ವಿನ್ನರು ಮೃದುವಾಗಿ, ಆದರೆ ಅಚಲವಾಗಿ ತಮ್ಮ ನಿಲುವಿನಲ್ಲಿ ನಿಂತರು.

ಇದೇ ಕಾಲದಲ್ಲಿ ತಮ್ಮ ಮಕ್ಕಳ ಅನಾರೋಗ್ಯಕ್ಕೆ ರಕ್ತಸಂಬಂಧದ ವಿವಾಹವೇ ಕಾರಣವಿರಬಹುದೇ ಎಂಬ ಶಂಕೆ ಅವರನ್ನು ಕಾಡುತ್ತಿತ್ತು. ಶಂಕೆಯನ್ನು ಮುಚ್ಚಿಡದೆ ಪರೀಕ್ಷೆಗೆ ಒಡ್ಡಿದುದೇ ಅವರ ದೊಡ್ಡಸ್ತಿಕೆ. 1871ರ ಜನಗಣತಿಯಲ್ಲಿ ಇಂತಹ ವಿವಾಹಗಳ ಬಗೆಗೆ ಪ್ರಶ್ನೆಯೊಂದನ್ನು ಸೇರಿಸಲು ಯತ್ನಿಸಿದರು, ಪಾರ್ಲಿಮೆಂಟು ಒಪ್ಪಲಿಲ್ಲ. ಮಗ ಜಾರ್ಜ್ 1875ರಲ್ಲಿ ಅಂಕಿಅಂಶಗಳನ್ನು ಕಲೆಹಾಕಿ, ಕೇಡು ಇದ್ದರೂ ಅಲ್ಪವೆಂದು ಕಂಡುಕೊಂಡರು. ತಂದೆಯು 11 ವರ್ಷಗಳ ಕಾಲ ಸಸ್ಯಗಳನ್ನು ಬೆಳೆಸಿ, ಸ್ವಪರಾಗದ ಸಂತತಿಗಿಂತ ಪರಪರಾಗದ ಸಂತತಿ ಸಾಮಾನ್ಯವಾಗಿ ಎತ್ತರವೂ ಪುಷ್ಟವೂ ಆಗಿರುತ್ತದೆಂದು 1876ರಲ್ಲಿ ಪ್ರಕಟಿಸಿದರು.

1882ರ ಏಪ್ರಿಲ್ 19ರಂದು ಅವರು ದೈವಾಧೀನರಾದರು. ಏಳು ವರ್ಷಗಳ ತರುವಾಯ ಅಮೆರಿಕದ ಮಿಲ್ವಾಕಿ ನಗರದ ಶಾಲಾಶಿಕ್ಷಕ ಜಾರ್ಜ್ ಪೆಕ್‌ಹ್ಯಾಮ್ ಮತ್ತು ಅವರ ಧರ್ಮಪತ್ನಿ ಎಲಿಜಬೆತ್ ಅವರು, ನೆಗೆಯುವ ಜೇಡಗಳಲ್ಲಿ ಗಂಡು ಬಣ್ಣದ ಅಂಗಗಳನ್ನು ಮೆರೆಸುತ್ತ ಕುಣಿಯುವುದನ್ನೂ ಹೆಣ್ಣು ಅದನ್ನು ಗಮನವಿಟ್ಟು ನೋಡುವುದನ್ನೂ ವಿವರಿಸಿ ಡಾರ್ವಿನ್ನರ ಪಕ್ಷವನ್ನು ಎತ್ತಿಹಿಡಿದರು. 1994ರಲ್ಲಿ ಇಂಗ್ಲೆಂಡಿನ ಮೇರಿಯನ್ ಪೆಟ್ರಿ ಅವರು, ಹೆಚ್ಚು ಅಲಂಕೃತ ಗರಿಗಳ ನವಿಲಿನ ಮರಿಗಳು ಚೆನ್ನಾಗಿ ಬೆಳೆದು ಹೆಚ್ಚಾಗಿ ಬದುಕುತ್ತವೆಂದು ಕಂಡರು. 1998ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು, ಒಣ ಎಲೆಗಳ ಮೇಲೆ ಹೊಟ್ಟೆಯಿಂದ ಡೋಲು ಬಾರಿಸಿದಂತೆ ಸದ್ದು ಮಾಡುವ ಜೇಡದಲ್ಲಿಯೂ, ಹೆಚ್ಚು ಬಾರಿಸುವ ಗಂಡಿನ ಮರಿಗಳ ಉಳಿವು ತುಸು ಮಿಗಿಲೆಂದು ತೋರಿಸಿದರು. ಸತತ ವಾದನಕ್ಕೆ ದೇಹದಲ್ಲಿ ಕಸುವು ಬೇಕು. ಆ ಕಸುವಿನ ಒಂದಂಶ ಮರಿಗಳಿಗೂ ಇಳಿಯುತ್ತದೆ.

ಡಾರ್ವಿನ್ನರ ಮನೆಯ ಶಂಕೆಗೂ ಇಂದು ಲೆಕ್ಕವಿದೆ. ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ವರಿಸಿದರೆ ಮಗುವಿನ ಆನುವಂಶಿಕ ಅಂಶಗಳಲ್ಲಿ ಸರಾಸರಿ 16ರಲ್ಲಿ ಒಂದು ಭಾಗ ಎರಡೂ ಕಡೆಯಿಂದ ಒಂದೇ ಪ್ರತಿಯಾಗಿ ಬರುತ್ತದೆ. ಅಕ್ಕನ ಮಗಳನ್ನು ವರಿಸಿದರೆ 8ರಲ್ಲಿ ಒಂದು ಭಾಗ. ಅಡಗಿರುವ ದೋಷ ಹೊರಬೀಳುವುದು ಹೀಗೆ. ಕರ್ನಾಟಕದಲ್ಲಿ ಸುಮಾರು ನಾಲ್ಕು ವಿವಾಹಗಳಲ್ಲಿ ಒಂದು ರಕ್ತಸಂಬಂಧದೊಳಗೆ ನಡೆಯುತ್ತಿರುವುದರಿಂದ ಈ ಲೆಕ್ಕವು ಪರದೇಶದ ಪಾಠವಾಗಿ ಉಳಿದಿಲ್ಲ. ಎಲ್ಲ ಮಕ್ಕಳಿಗೂ ಕೇಡಾಗುವುದಿಲ್ಲ. ಡಾರ್ವಿನ್ನರ ಮೂವರು ಮಕ್ಕಳು ವಿಜ್ಞಾನದಲ್ಲಿ ಹೆಸರಾಂತವರೇ ಆದರು. ಆದರೆ ಅರಿತು ನಡೆಯುವುದಕ್ಕೂ ಅರಿಯದೆ ನಡೆಯುವುದಕ್ಕೂ ಅಂತರವಿದೆ.

ಪ್ರೀತಿಸಿ ವರಿಸಿದ ಸಂಬಂಧವನ್ನೇ ಸತ್ಯದ ಒರೆಗೆ ಹಚ್ಚಲು ಅಂಜದ ಆ ತಂದೆಯ ಎದೆಗಾರಿಕೆ, ತರಗತಿಯಲ್ಲಿ ಜೇಡವನ್ನು ತೋರಿಸುವ ಪ್ರತಿಯೊಬ್ಬ ಶಿಕ್ಷಕನಿಗೂ ದಾರಿದೀಪವಾಗಿದೆ.