ಸ್ಟೇಡಿಯಂ ಕಟ್ಟಿಸಿದ ವಕೀಲರು

ಧುಪದಾಳದ ಘಟಪ್ರಭಾ ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಮ್ಯಾಚ್ ನೋಡೋಕೆ ಹೋಗೋದು ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರಿಗೆ ಹೊಸದೇನಲ್ಲ. ಬೆಳಿಗ್ಗೆ ಇಳಿದು ಮೆಟ್ರೋ ಹಿಡಿದು ಕಬ್ಬನ್ ಪಾರ್ಕಿಗೆ ಬಂದರೆ ಪಕ್ಕದಲ್ಲೇ ಎಂ. ಚಿನ್ನಸ್ವಾಮಿ ಸ್ಟೇಡಿಯಂ. ಆದರೆ ಈ ಚಿನ್ನಸ್ವಾಮಿ ಯಾರು ಅಂತ ನಮ್ಮನ್ನೇ ನಾವು ಕೇಳಿಕೊಂಡರೆ, ಯಾರೋ ಹಳೇ ಕಾಲದ ಬ್ಯಾಟ್ಸ್‌ಮನ್ ಇರಬೇಕು ಅನ್ನೋರೇ ಜಾಸ್ತಿ. ಅಲ್ಲ, ಅವರು ವಕೀಲರು. ಊರಿಗೆ ದೊಡ್ಡ ಮ್ಯಾಚ್ ಬರಬೇಕಾದರೆ ಮೈದಾನದ ಹೊರಗೆ ಎಷ್ಟು ಕೆಲಸ ಇರುತ್ತೆ ಅನ್ನೋದು ತಿಳಿಯಬೇಕಾದರೆ ಅವರ ಬದುಕನ್ನು ನೋಡಬೇಕು.

ಮಂಗಳಂ ಚಿನ್ನಸ್ವಾಮಿ ಮೊದಲಿಯಾರ್ ಹುಟ್ಟಿದ್ದು 1900ರ ಮಾರ್ಚ್ 29ರಂದು, ಮಂಡ್ಯದ ಮನೆತನದಲ್ಲಿ. ಕಾನೂನು ಓದಿ ವಕೀಲಿ ಮಾಡಿದರು. 1933ರಲ್ಲಿ ಶುರುವಾದ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಸ್ಥಾಪಕರಲ್ಲಿ ಅವರೂ ಒಬ್ಬರು. 1953ರಿಂದ 1978ರವರೆಗೆ ಅದರ ಕಾರ್ಯದರ್ಶಿ, ಆಮೇಲೆ 1990ರವರೆಗೆ ಅಧ್ಯಕ್ಷರು. ಲೆಕ್ಕ ಹಾಕಿ ನೋಡಿ, ಹತ್ತಿರ ಹತ್ತಿರ ನಲವತ್ತು ವರ್ಷ ಒಂದೇ ಕೆಲಸ. ನಮಗೆ ಒಂದು ಕಾಲೇಜ್ ಫೆಸ್ಟಿನ ಕಮಿಟಿಯಲ್ಲಿ ಮೂರು ತಿಂಗಳು ಇರೋದೇ ಸಾಕಾಗಿ ಹೋಗುತ್ತೆ.

ಆಗ ಬೆಂಗಳೂರಿನ ಕ್ರಿಕೆಟ್ಟೆಲ್ಲ ಸೆಂಟ್ರಲ್ ಕಾಲೇಜ್ ಮೈದಾನದಲ್ಲಿ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ದೇಶಕ್ಕಾಗಿ ಆಡ್ತಾ ಇದ್ದರು. ಅವರ ಊರಲ್ಲಿ ಮಾತ್ರ ಟೆಸ್ಟ್ ಇಲ್ಲ. ಟೆಸ್ಟ್ ಬೇಕು ಅಂದ್ರೆ ಸ್ವಂತ ಸ್ಟೇಡಿಯಂ ಬೇಕು. ಸ್ಟೇಡಿಯಂ ಬೇಕು ಅಂದ್ರೆ ಊರ ನಡುವೆ ಜಾಗ ಬೇಕು. ಅಂಥ ಜಾಗ ಸಿಗೋದು ಸರ್ಕಾರದಿಂದ ಮಾತ್ರ. ಕಾಗದಪತ್ರ ಗೊತ್ತಿದ್ದ, ಬೇಜಾರಿಲ್ಲದೆ ಆಫೀಸು ಅಲೆಯಬಲ್ಲ ಮನುಷ್ಯ ಬೇಕಾಗಿದ್ದು ಇಲ್ಲೇ. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, ರಾಜ್ಯ ಸರ್ಕಾರದ ಬೆಂಬಲದಿಂದ, 1969ರ ಮೇ ತಿಂಗಳಲ್ಲಿ ಅಡಿಗಲ್ಲು ಬಿತ್ತು. 1970ರಲ್ಲಿ ಕಟ್ಟಡದ ಕೆಲಸ ಶುರು. 1972–73ರ ಸೀಸನ್ನಿಗೆ ಮೊದಲ ದರ್ಜೆಯ ಪಂದ್ಯ ನಡೆದವು. 1974ರಲ್ಲಿ ಅದೇ ಮೈದಾನದ ರಣಜಿ ಸೆಮಿಫೈನಲ್‌ನಲ್ಲಿ, ಹದಿನೈದು ವರ್ಷ ಟ್ರೋಫಿ ಬಿಟ್ಟುಕೊಡದ ಬಾಂಬೆಯನ್ನು ಕರ್ನಾಟಕ ಹಿಂದೆ ಹಾಕಿತು. ಅದೇ ವರ್ಷದ ನವೆಂಬರ್ 22ಕ್ಕೆ ವೆಸ್ಟ್ ಇಂಡೀಸ್ ಬಂತು. ಬೆಂಗಳೂರಿನ ಮೊದಲ ಟೆಸ್ಟ್. ಗಾರ್ಡನ್ ಗ್ರೀನಿಜ್, ವಿವ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ನಾವು 267 ರನ್ನಿನಿಂದ ಸೋತೆವು, ಅದು ಬೇರೆ ಮಾತು!

ಇಷ್ಟರಲ್ಲಿ ಚಿನ್ನಸ್ವಾಮಿಯವರ ಹೆಸರು ಬೆಂಗಳೂರು ದಾಟಿ ಹೋಗಿತ್ತು. 1960ರಿಂದ 1965ರವರೆಗೆ ಬಿಸಿಸಿಐ ಕಾರ್ಯದರ್ಶಿ, 1977ರಿಂದ 1980ರವರೆಗೆ ಅಧ್ಯಕ್ಷ. ನಾಲ್ಕು ಸಲ ಐಸಿಸಿ ಸಭೆಯಲ್ಲಿ ಭಾರತದ ಪ್ರತಿನಿಧಿ. ಅವರು ಅಧ್ಯಕ್ಷರಾಗಿದ್ದಾಗಲೇ, 1978ರಲ್ಲಿ, ಎರಡು ಯುದ್ಧಗಳ ಅಂತರ ದಾಟಿ ಭಾರತ ತಂಡ ಪಾಕಿಸ್ತಾನಕ್ಕೆ ಹೋಯಿತು. ಇಂಥ ಪ್ರವಾಸ ಕ್ರಿಕೆಟ್ ಮಂಡಳಿ ಒಂದೇ ತೀರ್ಮಾನ ಮಾಡೋ ವಿಷಯವಲ್ಲ. ದಿಲ್ಲಿ ಒಪ್ಪಬೇಕು, ಇಸ್ಲಾಮಾಬಾದ್ ಒಪ್ಪಬೇಕು. 1987ರಲ್ಲಿ ಇವೇ ಎರಡು ದೇಶ ಸೇರಿ ವಿಶ್ವಕಪ್ಪನ್ನು ಮೊದಲ ಸಲ ಇಂಗ್ಲೆಂಡಿನಿಂದ ಹೊರಗೆ ತಂದವು. ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ ಭಾರತ ನ್ಯೂಜಿಲೆಂಡನ್ನು 16 ರನ್ನಿನಿಂದ ಸೋಲಿಸಿದಾಗ ರಾಜ್ಯ ಸಂಸ್ಥೆಯ ಅಧ್ಯಕ್ಷರು ಇನ್ನೂ ಅವರೇ, ವಯಸ್ಸು 87. 1991ರ ನವೆಂಬರ್ 8ರಂದು ತೀರಿಕೊಂಡರು. ಕೆಎಸ್‌ಸಿಎ ಸ್ಟೇಡಿಯಂ ಅಂತಿದ್ದದ್ದಕ್ಕೆ ಈಗಿರೋದು ಅವರದೇ ಹೆಸರು.

ಅವರು ಹೋದ ಮೇಲೂ ಸ್ಟೇಡಿಯಂ ಬೆಳೀತು. 1996ರ ವಿಶ್ವಕಪ್ಪಿಗೆ ಫ್ಲಡ್‌ಲೈಟ್ ಬಂದವು. ಆ ಬೆಳಕಿನ ಮೊದಲ ಪಂದ್ಯವೇ ಭಾರತ–ಪಾಕಿಸ್ತಾನ ಕ್ವಾರ್ಟರ್‌ಫೈನಲ್. ಆಮೇಲೆ ಛಾವಣಿ ಮೇಲೆ ಸೋಲಾರ್ ಬಂತು. 2017ರಲ್ಲಿ ನೆಲದಡಿಯಿಂದ ಮಳೆನೀರು ಹೀರಿಕೊಳ್ಳುವ ಸಬ್‌ಏರ್ ವ್ಯವಸ್ಥೆ ಬಂತು. ಸಿವಿಲ್, ಮೆಕ್ಯಾನಿಕಲ್‌ನವರು ಒಮ್ಮೆ ನೋಡಲೇಬೇಕು. ನೀರು ಹೊರಗೆ ಹೋಗೋ ದಾರಿಯ ಬಗ್ಗೆ ಅಷ್ಟು ಯೋಚನೆ ಮಾಡಿದ್ದಾರೆ.

ಜನ ಹೋಗೋ ದಾರಿ?

2025ರ ಜೂನ್ 4ರಂದು ಐಪಿಎಲ್ ಗೆದ್ದ ಆರ್‌ಸಿಬಿಯನ್ನು ನೋಡಲು ಸ್ಟೇಡಿಯಂ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಒಳಗೆ ಹಿಡಿಸೋದು 35 ಸಾವಿರದ ಆಸುಪಾಸು. ಗೇಟುಗಳ ಬಳಿಯ ಕಾಲ್ತುಳಿತದಲ್ಲಿ 11 ಜನ ಸತ್ತರು. ಹೆಚ್ಚಿನವರು ನಮ್ಮ ವಯಸ್ಸಿನವರೇ. ನಮ್ಮ ಧುಪದಾಳದ ಒಡ್ಡನ್ನೇ ನೋಡಿ: ಘಟಪ್ರಭೆಯ ನೀರು ಎಡದಂಡೆ ಕಾಲುವೆಗೆ ಹೋಗೋದು ಗೇಟಿನ ಅಳತೆಯಲ್ಲಿ, ಹಿಂದೆ ನೀರು ನಿಲ್ಲೋಕೆ ಜಾಗ ಇದೆ, ಮುಂದೆ ಹರಿಯೋಕೆ ಕಾಲುವೆ ಇದೆ. ಸ್ಟೇಡಿಯಮ್ಮಿನ ಗೇಟು ತೆರೆಯೋದು ನೇರ ರಸ್ತೆ ಬದಿಗೆ, ಜನ ನಿಲ್ಲೋಕೆ ಜಾಗವೇ ಇಲ್ಲ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಈ ಕಟ್ಟಡ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಅಂತ ವರದಿ ಕೊಟ್ಟಿತು.

ಚಿನ್ನಸ್ವಾಮಿಯವರ ಕಾಲದ ತಪ್ಪು ಅಂತ ಹೇಳಿಬಿಡೋದು ಸುಲಭ. ನಮಗೆ ಹಾಗನ್ನಿಸಲ್ಲ. 1969ರ ಬೆಂಗಳೂರಿಗೆ ಅವರು ಕಟ್ಟಿಸಿದರು. ಊರು ಬೆಳೀತು, ಗೇಟು ಬೆಳೀಲಿಲ್ಲ. ಹುಲ್ಲಿಗೂ ಲೈಟಿಗೂ ದುಡ್ಡು ಬಂತು, ರಸ್ತೆಗೂ ಗೇಟಿಗೂ ನಡುವಿನ ಇಪ್ಪತ್ತು ಹೆಜ್ಜೆ ಯಾರದು ಅನ್ನೋದು ಮಾತ್ರ ಇತ್ಯರ್ಥ ಆಗಲಿಲ್ಲ. ಸಂಸ್ಥೆಯದಾ, ಪೊಲೀಸರದಾ, ಪಾಲಿಕೆಯದಾ?

ಅದರ ಬೆಲೆ ಕ್ರಿಕೆಟ್ಟಿಗೂ ಬಿತ್ತು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ಶುರುವಾಗಬೇಕಿದ್ದ ಮಹಿಳಾ ವಿಶ್ವಕಪ್ಪಿನಲ್ಲಿ ಉದ್ಘಾಟನಾ ಪಂದ್ಯ ಬೆಂಗಳೂರಿಗೆ ಬಂದಿತ್ತು, ಫೈನಲ್ಲೂ ಇಲ್ಲೇ ಆಗುವ ಸಾಧ್ಯತೆ ಇತ್ತು. ಪೊಲೀಸ್ ಅನುಮತಿ ಸಿಗದೆ ಆಗಸ್ಟಿನಲ್ಲಿ ಬೆಂಗಳೂರಿನ ಹೆಸರೇ ಪಟ್ಟಿಯಿಂದ ಹೋಯಿತು. ನವೆಂಬರ್ 2ರಂದು ಭಾರತದ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಗೆದ್ದದ್ದು ನವಿ ಮುಂಬೈನಲ್ಲಿ.