ಬೆಣ್ಣೆ ಪೆಟ್ಟಿಗೆಯ ರಟ್ಟು, ಸಾಲದ ಸಹಿ

ರಾತ್ರಿ ಆಫೀಸಿನ ಕಾಲ್ ಮುಗಿದ ಮೇಲೆ ಹಳೆಯ ಪುಸ್ತಕಗಳ ಹರಾಜು ಪಟ್ಟಿಗಳನ್ನು ಆನ್‌ಲೈನ್‌ನಲ್ಲಿ ನೋಡುವುದು ನನ್ನದೊಂದು ಚಟ. ಕೊಳ್ಳುವುದಕ್ಕಲ್ಲ, ರೇಷ್ಮೆ ಸೀರೆ ಅಂಗಡಿಯ ಗಾಜಿನ ಮುಂದೆ ನಿಂತ ಹಾಗೆ, ಸುಮ್ಮನೆ. ಧ್ರುವ ಪ್ರದೇಶಕ್ಕೆ ಹೋಗಿಬಂದವರು ಸಹಿ ಹಾಕಿದ ಪುಸ್ತಕಗಳದ್ದೇ ಅಲ್ಲೊಂದು ಬೇರೆ ಲೋಕ. ಅಲ್ಲಿ ಸಂಗ್ರಾಹಕರು ಮುಗಿಬೀಳುವ ಹೆಸರುಗಳಲ್ಲಿ ಒಂದು ಸರ್ ಅರ್ನೆಸ್ಟ್ ಶ್ಯಾಕಲ್ಟನ್. ಬದುಕಿದ್ದಾಗ ಆತನ ಕೈಯಲ್ಲಿ ಮಾತ್ರ ಕಾಸು ನಿಲ್ಲಲಿಲ್ಲ.

ಹುಟ್ಟಿದ್ದು 1874ರಲ್ಲಿ, ಐರ್ಲೆಂಡಿನ ಕಿಲ್ಕಿಯಾದಲ್ಲಿ. ಹತ್ತು ಮಕ್ಕಳಲ್ಲಿ ಎರಡನೆಯವನು. ಬೇಸಾಯ ಮಾಡುತ್ತಿದ್ದ ತಂದೆ ಆಮೇಲೆ ವೈದ್ಯಕೀಯ ಓದಿ, ಸಂಸಾರವನ್ನು ಲಂಡನ್ನಿಗೆ ಕರೆತಂದರು. ಮಗ ಹದಿನಾರಕ್ಕೇ ಶಾಲೆ ಬಿಟ್ಟು ಹಡಗು ಹತ್ತಿದ. 1901ರಲ್ಲಿ ಸ್ಕಾಟ್‌ ಜೊತೆ ಅಂಟಾರ್ಕ್ಟಿಕಾಕ್ಕೆ ಹೋದವನು ಸ್ಕರ್ವಿಯಿಂದ ನರಳಿ ಅರ್ಧದಲ್ಲೇ ಊರಿಗೆ ಮರಳಬೇಕಾಯಿತು. 1904ರಲ್ಲಿ ಎಮಿಲಿ ಡಾರ್ಮನ್‌ಳನ್ನು ಮದುವೆಯಾದ. ಆಕೆ ಅವನಿಗಿಂತ ಆರು ವರ್ಷ ದೊಡ್ಡವಳು, ಅನುಕೂಲಸ್ಥ ವಕೀಲರ ಮಗಳು. ಬ್ರೌನಿಂಗ್ ಕವಿತೆಗಳ ಹುಚ್ಚು ಇಬ್ಬರಿಗೂ ಇತ್ತು.

ನನಗೆ ಅತಿ ಇಷ್ಟವಾದದ್ದು ಮುಂದಿನ ಭಾಗ. 1907ರಲ್ಲಿ ಸಾಲಸೋಲ ಮಾಡಿ ನಿಮ್ರಾಡ್ ಎಂಬ ಹಡಗಿನಲ್ಲಿ ತನ್ನದೇ ತಂಡ ಕಟ್ಟಿಕೊಂಡು ಹೊರಟಾಗ, ಸಾಮಾನಿನ ಜೊತೆ ಒಂದು ಮುದ್ರಣ ಯಂತ್ರವನ್ನೂ ಒಯ್ದ! ಲಂಡನ್ನಿನ ಮುದ್ರಕರೊಬ್ಬರು ಯಂತ್ರ ಎರವಲು ಕೊಟ್ಟು, ತಂಡದ ಇಬ್ಬರಿಗೆ ಮೊಳೆ ಜೋಡಿಸುವುದನ್ನೂ ಕಲಿಸಿದ್ದರು. 1908ರ ಚಳಿಗಾಲ, ತಿಂಗಳುಗಟ್ಟಲೆ ಸೂರ್ಯನಿಲ್ಲ. ಕೇಪ್ ರಾಯ್ಡ್ಸ್‌ನ ಮರದ ಗುಡಿಸಲಿನಲ್ಲಿ ಶಾಯಿ ಚಳಿಗೆ ಗಟ್ಟಿಯಾಗದಿರಲೆಂದು ಕೆಳಗೆ ಮೇಣದಬತ್ತಿ ಉರಿಸಿಟ್ಟು ಒಂದೊಂದೇ ಹಾಳೆ ಅಚ್ಚು ಹಾಕಿದರು. ಬರೆದವರೂ ತಂಡದವರೇ, ಚಿತ್ರ ಜಾರ್ಜ್ ಮಾರ್ಸ್ಟನ್‌ನದು, ಬೈಂಡಿಂಗ್ ಮೋಟಾರು ಮೆಕ್ಯಾನಿಕ್ ಬರ್ನಾರ್ಡ್ ಡೇ ಮಾಡಿದ್ದು. ರಟ್ಟಿಗೆ ಸಾಮಾನು ಬಂದ ಪೆಟ್ಟಿಗೆಗಳ ಹಲಗೆಯನ್ನೇ ಕತ್ತರಿಸಿದರು. ಅಂಟಾರ್ಕ್ಟಿಕಾದಲ್ಲೇ ಮುದ್ರಣವಾಗಿ, ಅಲ್ಲೇ ಬೈಂಡ್ ಆದ ಮೊದಲ ಪುಸ್ತಕ ಈ 'ಅರೋರಾ ಆಸ್ಟ್ರೇಲಿಸ್'. ಸುಮಾರು ನೂರೇ ಪ್ರತಿ, ಮಾರಾಟಕ್ಕಲ್ಲ. ಹಲಗೆಯ ಮೇಲಿದ್ದ ಬೆಣ್ಣೆ, ಸೂಪು ಎಂಬ ಅಕ್ಷರಗಳು ಹಾಗೇ ಉಳಿದಿವೆ. ಅದಕ್ಕೇ ಸಂಗ್ರಾಹಕರು ಇಂದಿಗೂ ಬೆಣ್ಣೆ ಪ್ರತಿ ಎಂದೇ ಗುರುತು ಹೇಳುತ್ತಾರೆ. ನಮ್ಮ ಅಡುಗೆಮನೆಯ ಡಬ್ಬಗಳ ಹಾಗೆ!

ಮರುವರ್ಷ ಜನವರಿ 9ರಂದು ಆತ ಮತ್ತು ಮೂವರು ಜೊತೆಗಾರರು ದಕ್ಷಿಣ ಧ್ರುವಕ್ಕೆ ಇನ್ನು ಸುಮಾರು 180 ಕಿಲೋಮೀಟರ್ ಇರುವಲ್ಲಿಗೆ ತಲುಪಿದರು. ಅಷ್ಟು ದೂರ ಅದುವರೆಗೆ ಯಾರೂ ಹೋಗಿರಲಿಲ್ಲ. ಮುಂದೆ ಹೋದರೆ ಧ್ರುವ ಸಿಗಬಹುದಿತ್ತು, ಆದರೆ ವಾಪಸು ಬರಲು ಆಹಾರ ಸಾಲದು. ಹಿಂದಿರುಗಿದ. ಅವನ ಬದುಕಿನ ದೊಡ್ಡ ಕೆಲಸ ಅದೇ ಎಂದು ನನಗನ್ನಿಸುತ್ತದೆ. ನಾಲ್ವರೂ ಜೀವಂತ ಬಂದರು.

ಊರಿಗೆ ಬಂದಾಗ ಸರ್ ಪದವಿ, ಹಾರ ತುರಾಯಿ. ಜೊತೆಗೇ ಸಾಲ. ಸರ್ಕಾರ 20,000 ಪೌಂಡ್ ಕೊಟ್ಟು ಸ್ವಲ್ಪ ಉಸಿರಾಡಿಸಿತು. ಆತ ಊರೂರು ಸುತ್ತಿ ಭಾಷಣ ಮಾಡಿದ, 'ದಿ ಹಾರ್ಟ್ ಆಫ್ ದಿ ಅಂಟಾರ್ಕ್ಟಿಕ್' ತಂದ. ಅದರ 300 ಪ್ರತಿಗಳ ವಿಶೇಷ ಆವೃತ್ತಿಯ ಜೊತೆ ಬಂದ ಒಂದು ತೆಳು ಸಂಪುಟದಲ್ಲಿ ಗುಡಿಸಲಿನಲ್ಲಿದ್ದವರೆಲ್ಲರ ಸಹಿಗಳಿವೆ. ಹರಾಜಿನವರ ಕಣ್ಣು ಹೊಳೆಯುವುದು ಇಂಥವುಗಳಿಗೆ.

1914ರ ಎಂಡ್ಯೂರೆನ್ಸ್ ಯಾನದ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹಡಗು ಹಿಮದಲ್ಲಿ ಸಿಕ್ಕಿ ನಜ್ಜುಗುಜ್ಜಾಯಿತು, ಚಿಕ್ಕ ದೋಣಿಯಲ್ಲಿ ಸುಮಾರು 1,300 ಕಿಲೋಮೀಟರ್ ಸಾಗರ ದಾಟಿ ಸಹಾಯ ತಂದ, ಆ ಹಡಗಿನ 28 ಜನರೂ ಬದುಕಿದರು. ಖಂಡದ ಇನ್ನೊಂದು ಬದಿಯಲ್ಲಿ ಅವನಿಗಾಗಿ ಆಹಾರ ಇಡಲು ಹೋಗಿದ್ದ ತಂಡದ ಮೂವರು ಸತ್ತದ್ದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ. ಹಡಗು ಬಿಡುವಾಗ ಪ್ರತಿಯೊಬ್ಬರೂ ಸ್ವಂತದ್ದೆಂದು ಒಂದು ಕಿಲೋ ಸಹ ಇಟ್ಟುಕೊಳ್ಳುವಂತಿರಲಿಲ್ಲ. ಶ್ಯಾಕಲ್ಟನ್ ಮೊದಲು ತನ್ನ ಚಿನ್ನದ ನಾಣ್ಯಗಳನ್ನು ಹಿಮದ ಮೇಲೆ ಎಸೆದ. ಆಮೇಲೆ ರಾಣಿ ಅಲೆಕ್ಸಾಂಡ್ರಾ ಕೊಟ್ಟಿದ್ದ ಬೈಬಲನ್ನೂ ಅಲ್ಲೇ ಇಟ್ಟ. ರಾಣಿಯ ಕೈಬರಹವಿದ್ದ ಹಾಳೆ ಮತ್ತೊಂದೆರಡು ಪುಟಗಳನ್ನಷ್ಟೇ ಹರಿದುಕೊಂಡ. ನಾವಿಕ ಮೆಕ್ಲಿಯಾಡ್ ಯಾರಿಗೂ ತಿಳಿಯದಂತೆ ಆ ಬೈಬಲನ್ನು ಎತ್ತಿಟ್ಟುಕೊಂಡ. ಪುಟ ಹರಿದ ಆ ಪ್ರತಿ ಈಗ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿದೆ.

1919ರಲ್ಲಿ 'ಸೌತ್' ಪ್ರಕಟವಾಯಿತು. ಎಂಥಾ ಪುಸ್ತಕ! ಆದರೆ ಯಾನಕ್ಕೆ ಹಣ ಕೊಟ್ಟಿದ್ದ ಒಬ್ಬರ ವಾರಸುದಾರರು ಪಟ್ಟು ಹಿಡಿದಿದ್ದರಿಂದ ಅದರ ಹಕ್ಕನ್ನೆಲ್ಲ ಅವರಿಗೇ ಬರೆದುಕೊಟ್ಟಿದ್ದ. ತನ್ನ ಪುಸ್ತಕದಿಂದ ತನಗೇ ಕಾಸಿಲ್ಲ. ಲಂಡನ್ನಿನ ಸಭಾಂಗಣದಲ್ಲಿ ದಿನಕ್ಕೆರಡು ಬಾರಿ ಅದೇ ಚಿತ್ರ, ಅದೇ ಕಥೆ ಹೇಳುತ್ತ ನಿಂತ.

ಆ ವೇಳೆಗೆ ಮನೆಯಲ್ಲಿ ಮೂರು ಮಕ್ಕಳು. ಅವರನ್ನು ಬೆಳೆಸಿದವಳು ಹೆಚ್ಚಾಗಿ ಎಮಿಲಿಯೇ, ತವರಿನಿಂದ ಬಂದ ಆದಾಯದ ಆಸರೆಯಿಂದ. ಆಕೆಯ ಸಹಿಗೆ ಯಾವ ಹರಾಜಿನಲ್ಲೂ ಅಂಥ ನೂಕುನುಗ್ಗಲು ನಾನು ಕಂಡಿಲ್ಲ.

1922ರ ಜನವರಿ 5ರಂದು, ಮತ್ತೊಂದು ಯಾನದ ಆರಂಭದಲ್ಲೇ, ಸೌತ್ ಜಾರ್ಜಿಯಾ ದ್ವೀಪದ ಬಳಿ ಹಡಗಿನಲ್ಲಿ ಹೃದಯಾಘಾತವಾಯಿತು. ವಯಸ್ಸು 47. ಮೃತದೇಹ ಇಂಗ್ಲೆಂಡಿಗೆಂದು ಮಾಂಟೆವಿಡಿಯೋವರೆಗೆ ಬಂದಿತ್ತು. ಎಮಿಲಿಯಿಂದ ಸುದ್ದಿ ಹೋಯಿತು, ಅದನ್ನು ದ್ವೀಪಕ್ಕೇ ಮರಳಿಸಿ ಮಾರ್ಚ್ 5ರಂದು ಗ್ರಿಟ್‌ವಿಕೆನ್‌ನಲ್ಲಿ ಮಣ್ಣು ಮಾಡಿದರು. ಬಿಟ್ಟುಹೋದ ಸಾಲ ಸುಮಾರು 40,000 ಪೌಂಡ್. ಮಕ್ಕಳ ಓದಿಗೂ ಅವನ ತಾಯಿಯ ಜೀವನಕ್ಕೂ ಸ್ನೇಹಿತರು ನಿಧಿ ಸಂಗ್ರಹಿಸಬೇಕಾಯಿತು. ಎಮಿಲಿ ಇನ್ನೂ ಹದಿನಾಲ್ಕು ವರ್ಷ ಬದುಕಿದ್ದಳು.