ಅಲೆಕ್ಸಾಂಡರ್ ಫ್ಲೆಮಿಂಗ್

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಾಲಿಗೆ ಮುಳ್ಳು ಚುಚ್ಚಿ ಆದ ಸಣ್ಣ ಗಾಯವೂ ಕೆಲವೊಮ್ಮೆ ಮರಣಕ್ಕೆ ಕಾರಣವಾಗುತ್ತಿತ್ತು. ಗಾಯದಲ್ಲಿ ಸೇರಿದ ರೋಗಾಣುಗಳು ರಕ್ತದಲ್ಲಿ ಹರಡಿದರೆ ವೈದ್ಯರು ಅಸಹಾಯಕರಾಗುತ್ತಿದ್ದರು. ಈ ಸ್ಥಿತಿಯನ್ನು ನೀಗುವ ದಾರಿ ತೋರಿದ ಮಹನೀಯರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪ್ರಮುಖರು. ತಾವು ಕಂಡುಹಿಡಿದ ಔಷಧವನ್ನು ಹೇಗೆ ಬಳಸಬಾರದೆಂಬುದನ್ನೂ ಲೋಕಕ್ಕೆ ತಿಳಿಸಿದ್ದು ಅವರ ಹಿರಿಮೆ.

ಫ್ಲೆಮಿಂಗ್ 1881ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ರೈತ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮುಂದೆ ಲಂಡನ್ ನಗರವನ್ನು ಸೇರಿ, ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿ ದುಡಿದರು. ಬಂಧುವೊಬ್ಬರು ಬಿಟ್ಟುಹೋದ ಹಣದ ನೆರವಿನಿಂದ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿ, 1906ರಲ್ಲಿ ವೈದ್ಯರಾದರು. ಅಲ್ಲಿಯೇ ಸಂಶೋಧನೆಯಲ್ಲಿ ತೊಡಗಿದರು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಸೈನಿಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು. ಸೈನಿಕರ ಆಳವಾದ ಗಾಯಗಳಿಗೆ ಅಂದು ತೀಕ್ಷ್ಣವಾದ ರೋಗಾಣುನಾಶಕ ದ್ರವಗಳನ್ನು ಹಾಕುತ್ತಿದ್ದರು. ಆ ದ್ರವಗಳು ಆಳದಲ್ಲಿ ಅಡಗಿದ ರೋಗಾಣುಗಳನ್ನು ಮುಟ್ಟದೆ, ದೇಹವನ್ನು ಕಾಯುವ ಬಿಳಿಯ ರಕ್ತಕಣಗಳನ್ನೇ ನಾಶಮಾಡುತ್ತಿದ್ದುದನ್ನು ಫ್ಲೆಮಿಂಗ್ ಕಂಡರು. ಮದ್ದೇ ಹಾನಿಯನ್ನೂ ಮಾಡಬಲ್ಲುದೆಂಬ ಈ ಅರಿವು ಅವರ ಮುಂದಿನ ಸಂಶೋಧನೆಗೆ ಪ್ರೇರಣೆಯಾಯಿತು.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದ ಅವರು ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಬೆಳೆದಿರುವುದನ್ನು ಕಂಡರು. ಬೂಷ್ಟಿನ ಸುತ್ತಲಿನ ರೋಗಾಣುಗಳು ಕರಗಿಹೋಗಿದ್ದವು. ಬೂಷ್ಟು ಸ್ರವಿಸಿದ ಆ ವಸ್ತುವಿಗೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟರು. ಅದನ್ನು ಶುದ್ಧೀಕರಿಸಿ ರೋಗಿಗಳಿಗೆ ಕೊಡುವಂತೆ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು. 1941ರಲ್ಲಿ ಪೊಲೀಸನೊಬ್ಬನಿಗೆ ಅವರು ಈ ಔಷಧವನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಅವನು ಚೇತರಿಸಿಕೊಂಡನು. ಆದರೆ ಔಷಧದ ಸಂಗ್ರಹ ಮುಗಿದುಹೋಯಿತು. ಅಡಗಿದ್ದ ರೋಗವು ಮರುಕಳಿಸಿ ಅವನು ಅಸುನೀಗಿದನು.

1945ರಲ್ಲಿ ಈ ಮೂವರಿಗೂ ನೊಬೆಲ್ ಬಹುಮಾನ ದೊರೆಯಿತು. ಆಗ ಮಾಡಿದ ಭಾಷಣದಲ್ಲಿ ಫ್ಲೆಮಿಂಗ್ ಒಂದು ಎಚ್ಚರಿಕೆಯನ್ನು ನೀಡಿದರು. ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು, ಸಾಲದಷ್ಟು ಸೇವಿಸಿದ ಮನುಷ್ಯನೊಬ್ಬನನ್ನು ಅವರು ಕಲ್ಪಿಸಿಕೊಂಡರು. ಅವನ ದೇಹದ ರೋಗಾಣುಗಳು ಸಾಯದೆ, ಔಷಧವನ್ನು ಎದುರಿಸಲು ಕಲಿತವು. ಅವು ಪತ್ನಿಗೆ ಅಂಟಿದಾಗ ಔಷಧ ಫಲಿಸದೆ ಆಕೆ ಮೃತಳಾದಳು. ಅಜಾಗರೂಕತೆಯ ಫಲವನ್ನು ಇನ್ನೊಬ್ಬರು ಉಣ್ಣಬೇಕಾಗುವುದೆಂಬುದೇ ಈ ಕಥೆಯ ಸಾರ. ಅವರು ಹೆದರಿದಂತೆಯೇ ಆಯಿತು. ಇಂದು ಅನೇಕ ರೋಗಾಣುಗಳು ಇಂತಹ ಔಷಧಗಳಿಗೆ ಮಣಿಯುತ್ತಿಲ್ಲ.

ಪೆನಿಸಿಲಿನ್ ಮೊದಲಾದ ಈ ಔಷಧಗಳಿಗೆ ಪ್ರತಿಜೈವಿಕಗಳೆಂದು ಹೆಸರು. ನೆಗಡಿಯನ್ನು ತರುವ ವೈರಾಣುಗಳ ಮೇಲೆ ಇವು ಕೆಲಸ ಮಾಡಲಾರವು. ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಇವು ಕೊಲ್ಲುವುದರಿಂದ ಕೆಲವರಿಗೆ ಭೇದಿಯಾಗುವುದುಂಟು. ಕೆಲವರ ಮೈಗೆ ಪೆನಿಸಿಲಿನ್ ಒಗ್ಗುವುದಿಲ್ಲ. ಮೈಮೇಲೆ ದದ್ದು ಎದ್ದರೆ ಒಡನೆಯೇ ವೈದ್ಯರಿಗೆ ತಿಳಿಸಬೇಕು. ಮುಖ ಊದಿದರೆ ಅಥವಾ ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಹಿಂದೆ ಹೀಗಾಗಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಫ್ಲೆಮಿಂಗ್ 1955ರ ಮಾರ್ಚ್ 11ರಂದು ನಿಧನರಾದರು. ಅದೇ ವರ್ಷ ಪುಣೆಯ ಬಳಿಯ ಪಿಂಪ್ರಿಯ ಸರ್ಕಾರಿ ಕಾರ್ಖಾನೆಯಲ್ಲಿ ಪೆನಿಸಿಲಿನ್ ತಯಾರಿಕೆ ಆರಂಭವಾಯಿತು. 1981ರಲ್ಲಿ ನಮ್ಮ ರಾಜ್ಯದಲ್ಲಿಯೂ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಹೀಗೆ ಲಂಡನ್ನಿನ ಪ್ರಯೋಗಾಲಯದಲ್ಲಿ ಕಂಡ ಔಷಧವು ಇಂಡಿ ತಾಲ್ಲೂಕಿನ ಅಗರಖೇಡದಂತಹ ಊರುಗಳ ಜನರಿಗೂ ಎಟಕುವಂತಾಯಿತು. ಅದರೊಡನೆ ಫ್ಲೆಮಿಂಗರ ಎಚ್ಚರಿಕೆಯೂ ಅಲ್ಲಿಗೆ ತಲುಪಬೇಕು. ವೈದ್ಯರ ಚೀಟಿಯಿಲ್ಲದೆ ಪ್ರತಿಜೈವಿಕವನ್ನು ಕೊಳ್ಳದಿರುವುದು, ಅವರು ಹೇಳಿದ ಹೊತ್ತಿಗೆ ಹೇಳಿದಷ್ಟು ದಿನ ಸೇವಿಸುವುದು, ಜ್ವರ ಇಳಿದೊಡನೆ ತಾವಾಗಿಯೇ ನಿಲ್ಲಿಸದಿರುವುದು, ಉಳಿದ ಮಾತ್ರೆಯನ್ನು ನೆರೆಯವರಿಗೆ ಕೊಡದಿರುವುದು, ಇವು ಎಲ್ಲರ ಕರ್ತವ್ಯಗಳು. ಇವನ್ನು ಪಾಲಿಸಿದರೆ ಆ ಮಹನೀಯರ ಶ್ರಮದ ಫಲವು ಮುಂದಿನ ಪೀಳಿಗೆಗೂ ಉಳಿಯುವುದು.